ಮಗ್ಗುಲು ಬದಲಿಸುವಷ್ಟು ಜಾಗ

ಗರ್ಭಿಣಿಯಾದವಳು ಎಡಮಗ್ಗುಲಿಗೆ ಮಲಗಬೇಕೆಂಬ ಮಾತನ್ನು ಕೇಳದ ಹೆಣ್ಣುಮಕ್ಕಳು ಇಂದು ವಿರಳ. ತಾಯಿ ಕಾರ್ಡ್ ಮಾಡಿಸಲು ಹೋದಾಗ ದಾದಿಯರು ಹೇಳುತ್ತಾರೆ, ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ಬಂದು ಹೇಳುತ್ತಾಳೆ, ನಾಲ್ಕು ಹೆತ್ತ ನೆರೆಮನೆಯಾಕೆಯೂ ಹೇಳುತ್ತಾಳೆ. ಆದರೆ ಆ ಎಡಮಗ್ಗುಲಿನಲ್ಲಿ ಇರುವುದು ಗೋಡೆಯೋ, ಶೇಂಗಾ ಚೀಲವೋ, ನಿದ್ದೆಗಣ್ಣಿನಲ್ಲಿ ಕಾಲು ಝಾಡಿಸುವ ಹಿರಿಯ ಮಗುವೋ ಎಂದು ವಿಚಾರಿಸುವವರು ಕಡಿಮೆ.

ಬ್ರಹ್ಮಚರ್ಯದ ವ್ರತ ತೊಟ್ಟ ಗುರುವೊಬ್ಬನಿಗೆ ಬಸುರಿಯರ ನಿದ್ದೆಯ ಚಿಂತೆ ಏಕೆಂದು ಓದುಗರಲ್ಲಿ ಕೆಲವರಾದರೂ ನಕ್ಕಾರು. ನಗಲಿ. ಗುರುಮಠದ ವರ್ಷಗಳಲ್ಲಿ ಮಾತೆಯ ಗರ್ಭದಲ್ಲಿರುವ ಜೀವದ ಘನತೆಯನ್ನು ಕುರಿತು ನಾವು ಅಧ್ಯಾಯಗಟ್ಟಲೆ ಓದಿದ್ದುಂಟು. ಆ ಜೀವವನ್ನು ಹೊತ್ತವಳು ರಾತ್ರಿ ಹೇಗೆ ಮಲಗುತ್ತಾಳೆಂಬುದು ಯಾವ ಅಧ್ಯಾಯದಲ್ಲಿಯೂ ಇರಲಿಲ್ಲ. ಅದನ್ನು ನಾನು ತಿಳಿದದ್ದು ಮನೆಗಳ ಭೇಟಿಯಲ್ಲಿ, ಅದರಲ್ಲಿಯೂ ನಾಯಕನಹಟ್ಟಿಯ ಒಂದು ಮನೆಯಲ್ಲಿ.

ನಾಯಕನಹಟ್ಟಿ ಚಳ್ಳಕೆರೆ ತಾಲ್ಲೂಕಿನ ಊರು. ಕೆರೆಗಳನ್ನು ಕಟ್ಟಿಸಿದ ಸಂತರೆಂದು ಜನ ಇಂದಿಗೂ ನೆನೆಯುವ ತಿಪ್ಪೇರುದ್ರಸ್ವಾಮಿಗಳ ಕ್ಷೇತ್ರ. ಮಳೆ ಅಪರೂಪ, ಬಿಸಿಲು ಧಾರಾಳ. ನಾನು ಹೋದ ಮನೆ ಮಣ್ಣಿನ ಮಾಳಿಗೆಯದು. ಒಂದು ಪಡಸಾಲೆ, ಹಿಂದೆ ಒಂದು ಅಡುಗೆಮನೆ, ಮಲಗುವವರು ಏಳು ಜನ. ಸೊಸೆ ಎರಡನೆಯ ಬಸುರಿ, ಏಳು ತಿಂಗಳು. ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಮನೆಯ ಅಜ್ಜಿ ದೂರು ಹೇಳಿದರು: “ರಾತ್ರಿಯೆಲ್ಲ ಎದ್ದೆದ್ದು ಕುಂತ್ಕಂತಾಳೆ ಸ್ವಾಮಿ, ನಿದ್ದೇನೇ ಮಾಡಲ್ಲ.” ಸೊಸೆ ತಲೆ ಎತ್ತದೆಯೇ ಮೆಲ್ಲಗೆ ಅಂದಳು: “ನೀವೇ ಅಲ್ವೇನಜ್ಜಿ, ಎದ್ದು ಕುಂತು ಹೊಳ್ಳಿ ಮಲಗು ಅಂದಿದ್ದು?”

ಈ ಕಟ್ಟಳೆ ನಮ್ಮ ನಾಡಿನ ಬಹಳಷ್ಟು ಮನೆಗಳಲ್ಲಿದೆ. ಬಸುರಿಯು ಮಲಗಿದಲ್ಲಿಯೇ ಹೊರಳಿದರೆ ಹೊಕ್ಕುಳಬಳ್ಳಿ ಕೂಸಿನ ಕೊರಳಿಗೆ ಸುತ್ತಿಕೊಳ್ಳುವುದೆಂಬ ಭಯ ಅದರ ಹಿಂದಿದೆ. ಹೆರಿಗೆ ವಾರ್ಡಿನಲ್ಲಿ ಬಹುಕಾಲ ಸೇವೆ ಸಲ್ಲಿಸಿದ ಧರ್ಮಭಗಿನಿಯೊಬ್ಬರನ್ನು ಈ ಕುರಿತು ಕೇಳಿದೆ. ಕೂಸು ಗರ್ಭಜಲದಲ್ಲಿ ತಾನೇ ಈಜಾಡುತ್ತ ತಿರುಗುವುದರಿಂದ ಬಳ್ಳಿ ಸುತ್ತಿಕೊಳ್ಳುತ್ತದೆಯೇ ಹೊರತು ತಾಯಿ ಮಗ್ಗುಲು ಬದಲಿಸುವುದರಿಂದ ಅಲ್ಲವೆಂದರು. ನಾಲ್ಕೈದು ಹೆರಿಗೆಗಳಲ್ಲಿ ಒಂದರಲ್ಲಾದರೂ ಬಳ್ಳಿ ಕೊರಳಿಗೆ ಸುತ್ತಿಕೊಂಡೇ ಇರುತ್ತದೆ. ಬಹುತೇಕ ಮಕ್ಕಳಿಗೆ ಅದರಿಂದ ಏನೂ ಆಗುವುದಿಲ್ಲ. ಆದರೂ ಅಜ್ಜಿಯ ಮಾತನ್ನು ಪೂರ್ಣ ತಳ್ಳಿಹಾಕಬೇಡಿರೆಂದು ಅವರು ಸೇರಿಸಿದರು. ಹಾಸಿಗೆಯಿಂದ ಏಳುವಾಗ ನೇರವಾಗಿ ಸೊಂಟದ ಮೇಲೆ ಭಾರ ಹಾಕಿ ಮೇಲೇಳಬಾರದು. ಮೊಣಕಾಲು ಮಡಿಚಿ, ಒಂದು ಮಗ್ಗುಲಿಗೆ ಹೊರಳಿ, ಕೈಯೂರಿ ಕೂತು, ತುಸು ತಡೆದು ಏಳಬೇಕು. ಬೆನ್ನಿಗೂ ಹೊಟ್ಟೆಯ ಸ್ನಾಯುಗಳಿಗೂ ಇದೇ ಹಿತ. ಅಜ್ಜಿಯರು ಕಲಿಸಿದ್ದರಲ್ಲಿ ಏಳುವ ಕ್ರಮ ಸರಿ, ಕಾರಣ ಮಾತ್ರ ತಪ್ಪು. ಒಂದು ರಾತ್ರಿಯಲ್ಲಿ ಎಂಟು ಸಲ ಎದ್ದು ಕೂರಬೇಕಾಗಿಲ್ಲ.

ಮಗ್ಗುಲಿಗೇ ಏಕೆ ಮಲಗಬೇಕು? ದಿನ ತುಂಬುತ್ತ ಬಂದಂತೆ ಗರ್ಭಕೋಶ, ಕೂಸು, ಗರ್ಭಜಲ, ಮಾಸು ಎಲ್ಲ ಸೇರಿ ಹಲವು ಕಿಲೋ ತೂಗುತ್ತವೆ. ಅಂಗಾತ ಮಲಗಿದಾಗ ಆ ಭಾರವೆಲ್ಲ ಬೆನ್ನುಮೂಳೆಯ ಮೇಲೆ ಬೀಳುತ್ತದೆ. ಕಾಲುಗಳಿಂದ ಹೃದಯಕ್ಕೆ ರಕ್ತವನ್ನು ಹಿಂದಿರುಗಿಸುವ ಮಹಾಸಿರೆ ಅಲ್ಲಿಯೇ, ಬೆನ್ನುಮೂಳೆಯ ಬಲಕ್ಕೆ ಹಾಯ್ದಿದೆ. ಅದು ಅದುಮಿಕೊಂಡರೆ ಹೃದಯಕ್ಕೆ ಬರುವ ರಕ್ತ ತಗ್ಗಿ, ತಾಯಿಗೆ ತಲೆಸುತ್ತು, ಬೆವರು, ವಾಕರಿಕೆ. ಮಾಸಿಗೆ ಹರಿಯುವ ರಕ್ತವೂ ಕಡಿಮೆ. ಸಿರೆ ಬಲಕ್ಕಿರುವುದರಿಂದಲೇ ಎಡಮಗ್ಗುಲಿಗೆ ಪ್ರಾಶಸ್ತ್ಯ ಬಂದದ್ದು. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಬ್ರಿಟನ್ ಮೊದಲಾದೆಡೆಯ ಐದು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2019ರಲ್ಲಿ ಪ್ರಕಟವಾಯಿತು. 28 ವಾರಗಳ ನಂತರ ಅಂಗಾತ ಮಲಗಿ ನಿದ್ದೆಗೆ ಜಾರುವವರಲ್ಲಿ ಕೂಸು ಗರ್ಭದಲ್ಲಿಯೇ ಸಾಯುವ ಸಂಭವ, ಎಡಮಗ್ಗುಲಿಗೆ ಮಲಗುವವರಿಗಿಂತ ಎರಡೂವರೆ ಪಟ್ಟಿಗೂ ತುಸು ಹೆಚ್ಚೆಂದು ಅದು ತೋರಿಸಿತು. ಮೂಲದಲ್ಲಿ ಆ ಸಂಭವ ಬಹಳ ಚಿಕ್ಕದು, ಹೆದರಿ ನಿದ್ದೆಗೆಡಬೇಕಾದುದಿಲ್ಲ. ಅದೇ ವಿಶ್ಲೇಷಣೆಯಲ್ಲಿ ಇನ್ನೊಂದು ಸಮಾಧಾನವೂ ಇತ್ತು. ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಾಣಲಿಲ್ಲ. ಎಡಮಗ್ಗುಲು ನೋವೆದ್ದರೆ ಬಲಕ್ಕೆ ಹೊರಳಿದ ತಾಯಿ ಪಾಪವನ್ನೇನೂ ಮಾಡಿದಂತಾಗದು. ನಡುರಾತ್ರಿ ಎಚ್ಚರವಾದಾಗ ಅಂಗಾತ ಮಲಗಿದ್ದು ಕಂಡರೆ ಮತ್ತೆ ಮಗ್ಗುಲಾದರೆ ಸಾಕು.

ಇಷ್ಟು ಸರಳವಾದ ವಿಚಾರ ಮನೆಯೊಳಗೆ ಬಂದಾಗ ಸರಳವಾಗಿ ಉಳಿಯುವುದಿಲ್ಲ. ನಾನು ಕಂಡ ಆ ಪಡಸಾಲೆಯಲ್ಲಿ ಮಾವನವರ ಜಾಗ ಗಾಳಿ ಬರುವ ಬಾಗಿಲ ಬಳಿ, ಗಂಡಸರದು ಸಾಲಾಗಿ ಅದರ ಪಕ್ಕ. ಸೊಸೆಗೆ ಅಡುಗೆಮನೆಯ ಗೋಡೆಯಂಚು. ಒಂದು ಚಾಪೆಯ ಅಗಲ, ಅದರಲ್ಲಿ ಅರ್ಧ ಮೂರು ವರ್ಷದ ಮಗನದು. ಮಗ್ಗುಲಾಗಿ ಮೊಣಕಾಲು ಮಡಿಚಿದರೆ ಮಗನ ಬೆನ್ನಿಗೆ ತಾಗುತ್ತದೆ. ಆದ್ದರಿಂದ ಅವಳು ಅಂಗಾತ ಮಲಗುತ್ತಾಳೆ, ಅದೊಂದೇ ಭಂಗಿಗೆ ಅಲ್ಲಿ ಸ್ಥಳವಿರುವುದು. ಫಾಲ್ಗುಣದಲ್ಲಿ ತೇರಿನ ಜಾತ್ರೆಗೆ ಲಕ್ಷಾಂತರ ಜನ ಆ ಊರಿಗೆ ಬರುತ್ತಾರೆ. ಮನೆ ತುಂಬ ನೆಂಟರು. ಆ ರಾತ್ರಿಗಳಲ್ಲಿ ಅರ್ಧ ಚಾಪೆಯೂ ಇಲ್ಲ. ನೆಂಟರಲ್ಲಿ ಯಾರೊಬ್ಬರೂ ಕೆಟ್ಟವರಲ್ಲ. ಎಲ್ಲರೂ ಉಂಡು, ಪಾತ್ರೆ ತೊಳೆದು, ಕೊನೆಗೆ ಮಲಗುವವಳಿಗೆ ಉಳಿದ ಜಾಗವೇ ಜಾಗವೆಂಬುದು ಹಿಂದಿನಿಂದ ನಡೆದು ಬಂದ ರೂಢಿ. ನಮ್ಮ ಧರ್ಮಕೇಂದ್ರಗಳ ಮನೆಗಳಲ್ಲಿ ಹಬ್ಬದ ರಾತ್ರಿ ಇದಕ್ಕಿಂತ ಭಿನ್ನವಾಗಿರುತ್ತದೆಯೇ? ನಾನು ಕಂಡಂತೆ ಇಲ್ಲ.

ಅದೇ ಸೀಮೆಯ ಇನ್ನೊಂದು ಕಠಿಣ ಸತ್ಯವನ್ನೂ ಹೇಳಬೇಕು. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇರಿಸುವ ರೂಢಿ ಬಹುಕಾಲದಿಂದ ನಡೆದಿದೆ. 2017ರಲ್ಲಿ ರೂಪುಗೊಂಡು 2020ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯು ಮುಟ್ಟಾದವರನ್ನೂ ಗರ್ಭಿಣಿಯರನ್ನೂ ಹೀಗೆ ಬಲವಂತವಾಗಿ ಬೇರೆಯಿರಿಸುವುದನ್ನು ಅಪರಾಧವೆಂದು ಸಾರಿದೆ. ಆದರೂ 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಮಳೆ ಚಳಿಯ ನಡುವೆ ಊರ ಹೊರಗಿನ ಗುಡಿಸಲಿನಲ್ಲಿ ತಾಯಿಯೊಡನೆ ಇದ್ದ ಹಸುಗೂಸು ತೀರಿಕೊಂಡಿತು. ಆ ಹಟ್ಟಿಯ ಹಿರಿಯರನ್ನು ದೂರಿ ನಮ್ಮ ಕೈ ತೊಳೆದುಕೊಳ್ಳುವುದು ಸುಲಭ. ಅವರು ಹೆಣ್ಣನ್ನು ಹಟ್ಟಿಯ ಹೊರಗೆ ಮಲಗಿಸಿದರು, ನಾವು ಒಲೆಯ ಮೂಲೆಯಲ್ಲಿ ಮಲಗಿಸುತ್ತೇವೆ.

ಹಿಂದಿನವರ ಪದ್ಧತಿಗಳಲ್ಲಿ ವಿವೇಕವೂ ಇತ್ತು. ಚೊಚ್ಚಲ ಬಸುರಿಯನ್ನು ಏಳನೆಯ ತಿಂಗಳಲ್ಲಿ ಕುಬುಸ ಮಾಡಿ ತವರಿಗೆ ಕರೆದೊಯ್ಯುವರಲ್ಲ, ಏಳು ತಿಂಗಳು ತುಂಬುವ ಹೊತ್ತೆಂದರೆ ಹೆಚ್ಚುಕಡಿಮೆ ವೈದ್ಯರು ಹೇಳುವ ಅದೇ 28 ವಾರ. ತವರಿನಲ್ಲಿ ಹಗಲು ಮಲಗಿದರೆ ಮುಖ ಸಿಂಡರಿಸುವವರಿಲ್ಲ. ದೀಪ ಹಚ್ಚುವ ಹೊತ್ತಿಗೂ ಮಗಳು ಮಲಗಿದ್ದರೆ ತಾಯಿಯೇ ದೀಪ ಹಚ್ಚಿಯಾಳು. ಎರಡನೆಯ ಬಸುರಿಗೆ ಆ ಭಾಗ್ಯವಿಲ್ಲ. ಆಗ ತವರಿನ ಕೆಲಸವನ್ನು ಗಂಡನ ಮನೆಯೇ ಮಾಡಬೇಕಾಗುತ್ತದೆ.

ಅದಕ್ಕೆ ಮಂಚ, ಪೇಟೆಯ ದಿಂಬುಗಳೇ ಬೇಕೆಂದಿಲ್ಲ. ಚಳ್ಳಕೆರೆ ಸೀಮೆ ಕಂಬಳಿಗೆ ಹೆಸರಾದುದು. ಹುಣಸೆಬೀಜದ ಗಂಜಿ ತಿಂದು ಗಟ್ಟಿಯಾದ ಆ ಕರಿಕಂಬಳಿಯನ್ನು ಸುರುಳಿ ಸುತ್ತಿ, ಚುಚ್ಚದಂತೆ ಹಳೆಯ ಸೀರೆ ಹೊದಿಸಿ ಬೆನ್ನ ಹಿಂದೆ ಇಟ್ಟರೆ ನಿದ್ದೆಯಲ್ಲಿ ಅಂಗಾತ ಹೊರಳುವುದು ತಪ್ಪುತ್ತದೆ. ಮೊಣಕಾಲುಗಳ ನಡುವೆ ಮಡಿಚಿದ ಸೀರೆಯೊಂದು, ಹೊಟ್ಟೆಯ ಕೆಳಗೆ ತೆಳುವಾಗಿ ಮತ್ತೊಂದು. ಸೊಂಟದ ಎಳೆತ ಎಷ್ಟೋ ತಗ್ಗುತ್ತದೆ. ಎದೆಯುರಿಯುಳ್ಳವರು ರಾತ್ರಿಯೂಟ ಬೇಗ ಮುಗಿಸಿ, ತಲೆ ಭುಜಗಳನ್ನು ತುಸು ಎತ್ತರಕ್ಕಿಟ್ಟು ಮಲಗಬೇಕು. ಮೀನಖಂಡ ಹಿಡಿದುಕೊಂಡಾಗ ಪಾದದ ಬೆರಳುಗಳನ್ನು ತನ್ನತ್ತ ಎಳೆದುಕೊಂಡರೆ ಬಿಗಿ ಸಡಿಲುತ್ತದೆ. ಎಳೆಯುವವನು ಗಂಡನಾದರೆ ಮತ್ತೂ ಒಳ್ಳೆಯದು, ಅಷ್ಟು ದೊಡ್ಡ ಹೊಟ್ಟೆಯನ್ನು ದಾಟಿ ಅವಳ ಕೈ ಪಾದಕ್ಕೆ ಎಟುಕುವುದಿಲ್ಲ. ಬೇಸಿಗೆಯಲ್ಲಿ ಮನೆಯವರೆಲ್ಲ ಮಾಳಿಗೆಯ ಮೇಲೆ ಮಲಗುವಾಗ ಅವಳನ್ನು ಏಣಿ ಹತ್ತಿಸದೆ, ಬಾಗಿಲ ಬಳಿಯ ಗಾಳಿಯ ಜಾಗ ಬಿಟ್ಟುಕೊಡಬೇಕು. ರಾತ್ರಿ ಮೂರು ನಾಲ್ಕು ಸಲ ಹೊರಗೆ ಹೋಗಿ ಬರುವವಳು ಅವಳೇ ತಾನೆ? ದಾರಿಯಲ್ಲಿ ಕೊಡ, ಚಪ್ಪಲಿ ಇರದಿರಲಿ, ಒಂದು ಸಣ್ಣ ಬಲ್ಬು ಉರಿಯುತ್ತಿರಲಿ.

ಒಂದು ವಿಷಯದಲ್ಲಿ ಮಾತ್ರ ಬೆಳಗಾಗಲೆಂದು ಕಾಯಬಾರದು. ಕೂಸಿನ ಮಿಸುಕಾಟ ದಿನನಿತ್ಯಕ್ಕಿಂತ ಕಡಿಮೆಯಾದರೆ, “ಅದೂ ಮಲಗಿರಬೇಕು ಬಿಡು” ಎಂಬ ಮಾತು ಸಲ್ಲದು. ರಕ್ತಸ್ರಾವ, ಕಣ್ಣು ಮಂಜಾಗುವ ತಲೆನೋವು, ಮುಖ ಕೈಗಳ ಹಠಾತ್ ಬಾವು ಇವೂ ಹಾಗೆಯೇ. 108ಕ್ಕೆ ಕರೆ ಮಾಡಲು ರಾತ್ರಿ ಹಗಲೆಂಬ ಭೇದವಿಲ್ಲ.

ನಾಯಕನಹಟ್ಟಿಯ ಆ ಅಜ್ಜಿಗೆ ಧರ್ಮಭಗಿನಿ ಹೇಳಿದ್ದನ್ನೆಲ್ಲ ಮುಂದಿನ ಭೇಟಿಯಲ್ಲಿ ವಿವರಿಸಿದೆ. ಬಳ್ಳಿಯ ವಿಚಾರವನ್ನು ಅವರು ಪೂರ್ತಿ ನಂಬಿದಂತೆ ಕಾಣಲಿಲ್ಲ. ಆದರೆ ಮೊಮ್ಮಗನನ್ನು ಅಂದಿನಿಂದಲೇ ತಮ್ಮ ಪಕ್ಕಕ್ಕೆ ಮಲಗಿಸಿಕೊಂಡರು. ಆಮೇಲೆ ಕೇಳಿದರು: “ಹೆತ್ತ ಮ್ಯಾಲೆ ಕೂಸನ್ನೂ ಹಿಂಗೇ ಮಗ್ಗುಲಿಗೆ ಮಲಗಿಸ್ಬೇಕಾ ಸ್ವಾಮಿ?” ಅಲ್ಲಿ ನಿಯಮ ತಿರುಗುಮುರುಗು. ತಾಯಿಗೆ ಯಾವುದು ಬೇಡವೋ ಕೂಸಿಗೆ ಅದೇ ಬೇಕು: ಮೊದಲ ವರ್ಷವೆಲ್ಲ ಅಂಗಾತ, ಗಟ್ಟಿ ಹಾಸಿನ ಮೇಲೆ, ಮುಖದ ಬಳಿ ದಿಂಬು ಕೌದಿಗಳಿಲ್ಲದಂತೆ. ಅಜ್ಜಿ ತುಸು ಹೊತ್ತು ಯೋಚಿಸಿ, ಕೌದಿ ಹೊಲಿದದ್ದಾಗಿದೆಯಲ್ಲ, ಅದನ್ನೇನು ಮಾಡುವುದೆಂದು ಸೊಸೆಯತ್ತ ನೋಡಿದರು. ಸೊಸೆ ಅದನ್ನು ನಾಲ್ಕು ಮಡಿಕೆ ಮಾಡಿ ತನ್ನ ಬೆನ್ನ ಹಿಂದೆ ಇಟ್ಟುಕೊಂಡಳು.