ಮಾತ್ರೆ, ಮೂಳೆ ಮತ್ತು ನಮ್ಮ ಅಕ್ಕ

ನಮ್ಮ ಅಕ್ಕನಿಗೆ ೧೩ನೆಯ ವಯಸ್ಸಿನಿಂದ ಮೂರ್ಛೆರೋಗ. ೨೮ ವರ್ಷ ತಪ್ಪದೆ ಫೆನಿಟಾಯ್ನ್ ಮಾತ್ರೆ ನುಂಗಿದಳು. ಫಿಟ್ಸ್ ಹತೋಟಿಗೆ ಬಂತು. ಆದರೆ ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ಮನೆಯಲ್ಲಿ ಕಾಲು ಜಾರಿ ಕುಕ್ಕರಿಸಿದ್ದಕ್ಕೇ ಬೆನ್ನುಮೂಳೆಯ ಒಂದು ಮಣಿ ಕುಸಿಯಿತು. ಫಿಟ್ಸ್ ಬಂದು ಬಿದ್ದದ್ದಲ್ಲ. ೪೧ಕ್ಕೇ ಮುದುಕಿಯ ಮೂಳೆಯೇ?

ನರರೋಗ ತಜ್ಞರು ಬಿಡಿಸಿ ಹೇಳಿದರು. ಫೆನಿಟಾಯ್ನ್, ಫಿನೋಬಾರ್ಬಿಟೋನ್, ಕಾರ್ಬಮಜೆಪಿನ್ ಇವು ಯಕೃತ್ತಿನ ಕೆಲಸವನ್ನು ಚುರುಕುಗೊಳಿಸುತ್ತವೆ; ಅದು ‘ಡಿ’ ಜೀವಸತ್ವವನ್ನೂ ಬೇಗ ಬೇಗ ಕರಗಿಸಿಬಿಡುತ್ತದೆ. ‘ಡಿ’ ಸಾಲದಿದ್ದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರದು. ಆಗ ದೇಹ ಮೂಳೆಯಿಂದಲೇ ಕಡ ತೆಗೆಯುತ್ತದೆ. ೧೦೦ ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಮ್ಮ ದಿನಾ ಕೊಟ್ಟ ಅಂಬಲಿ ಅಕ್ಕನಿಗೆ ಪೂರಾ ದಕ್ಕಲಿಲ್ಲ.

ಇನ್ನು ಬಿಸಿಲು? “ನಾಲ್ಕು ಜನರೆದುರು ಬಿದ್ದರೆ ಗತಿಯೇನು” ಎಂದು ಅವಳನ್ನು ಹೊರಗೆ ಕಳಿಸುತ್ತಿದ್ದುದೇ ಅಪರೂಪ. ಹಿಂದೂ ವಿವಾಹ ಕಾಯಿದೆಯಲ್ಲಿ ಅಡ್ಡಿಯಾಗಿ ಕೂತಿದ್ದ ಮೂರ್ಛೆರೋಗವನ್ನು ೧೯೯೯ರಲ್ಲೇ ತೆಗೆದುಹಾಕಿದರು. ನಮ್ಮ ನಡುಮನೆಗಳಿಂದ ಇನ್ನೂ ತೆಗೆದಿಲ್ಲ. ಮುಚ್ಚಿಟ್ಟ ಕಾಯಿಲೆಯ ಬಗ್ಗೆ ವೈದ್ಯರನ್ನು ಎರಡು ಪ್ರಶ್ನೆ ಹೆಚ್ಚಿಗೆ ಕೇಳುವವರು ಯಾರು?

ನಿಮ್ಮಲ್ಲಿ ಯಾರಾದರೂ, ಹಾಸ್ಟೆಲಿನ ಗೆಳೆಯರಿಗೂ ತಿಳಿಸದೆ, ಈ ಮಾತ್ರೆ ನುಂಗುತ್ತಿರಬಹುದು. ಇದನ್ನೋದಿ ಹೆದರಿ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ಫಿಟ್ಸ್ ಒಂದರ ಮೇಲೊಂದು ಬಂದು ಪ್ರಾಣಕ್ಕೇ ಕುತ್ತು. ‘ಡಿ’ಯ ರಕ್ತಪರೀಕ್ಷೆ, ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ನನಗೆ ಬೇಕೇ ಎಂದು ವೈದ್ಯರನ್ನೇ ಕೇಳಿ. ಅಕ್ಕನಿಗೆ ಎರಡೂ ಆಯಿತು. ಹಳೆಯ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ಲೆವೆಟಿರಾಸಿಟಮ್‌ಗೆ ಬದಲಿಸುತ್ತಿದ್ದಾರೆ. ಜೊತೆಗೆ ಕ್ಯಾಲ್ಸಿಯಂ, ‘ಡಿ’.