ಅಣುವೈದ್ಯವೂ ನಮ್ಮ ಅಂಜಿಕೆಯೂ

ಮಠದ ಪ್ರಸಾದನಿಲಯದಲ್ಲಿದ್ದು ಓದಿ, ಮುಂದೆ ಮೂವತ್ತೆರಡು ವರ್ಷ ಮಸ್ಕಿಯ ಸುತ್ತಣ ಪ್ರೌಢಶಾಲೆಗಳಲ್ಲಿ ವಿಜ್ಞಾನವನ್ನು ಬೋಧಿಸಿ ನಿವೃತ್ತನಾದವನು ನಾನು. ಈ ಪತ್ರಿಕೆಯಲ್ಲಿ ಹಳೆಯ ವಿದ್ಯಾರ್ಥಿಗಳು ತಮ್ಮ ಜೀವನದ ಸಾಧನೆಗಳನ್ನು ಬರೆಯುವುದುಂಟು. ನಾನು ಬರೆಯಹೊರಟಿರುವುದು ಸಾಧನೆಯನ್ನಲ್ಲ, ನನ್ನಿಂದ ನಡೆದ ಒಂದು ತಪ್ಪನ್ನು. ಅದನ್ನು ಮುಚ್ಚಿಡುವುದಕ್ಕಿಂತ ಹೇಳಿಬಿಟ್ಟರೆ ನಮ್ಮ ಭಾಗದ ನಾಲ್ಕು ಮನೆಗಳಿಗಾದರೂ ಉಪಯೋಗವಾದೀತೆಂಬ ನಂಬಿಕೆಯಿಂದ ಲೇಖನಿ ಹಿಡಿದಿದ್ದೇನೆ.

ನನ್ನ ತಂಗಿಯನ್ನು ಸಿಂಧನೂರಿಗೆ ಕೊಟ್ಟಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆತನ. 2012ರ ದೀಪಾವಳಿಗೆ ಆಕೆ ತವರಿಗೆ ಬಂದಾಗ ಕೊರಳಿನ ಮುಂಭಾಗದಲ್ಲಿ ಅಡಕೆಯಷ್ಟು ಗಾತ್ರದ ಗಂಟೊಂದು ಕಂಡಿತು. ನೋವಿರಲಿಲ್ಲ; ಆದುದರಿಂದ ಮನೆಯವರಾರೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಸೂಜಿಯಿಂದ ಅಂಶ ತೆಗೆದು ಪರೀಕ್ಷಿಸಿದಾಗ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿಯಿತು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಗ್ರಂಥಿಯನ್ನು ಸಂಪೂರ್ಣ ತೆಗೆದರು. ಕೊರಳಿನ ಕೆಲವು ದುಗ್ಧಗ್ರಂಥಿಗಳಿಗೂ ರೋಗ ಹಬ್ಬಿದ್ದರಿಂದ, ಒಳಗೆ ಉಳಿದಿರಬಹುದಾದ ಕಣಗಳನ್ನು ನಾಶಮಾಡಲು ವಿಕಿರಣಶೀಲ ಅಯೋಡಿನ್ ಕೊಡಬೇಕೆಂದು ವೈದ್ಯರು ತಿಳಿಸಿದರು.

ಆ ಮಾತನ್ನು ಕೇಳಿ ನಮ್ಮ ಮನೆಯವರು ನಡುಗಿಹೋದರು. ಅಣು ಎಂದೊಡನೆ ಅವರ ಕಣ್ಣಿಗೆ ಕಟ್ಟಿದ್ದು ಬಾಂಬು. ಬಾಂಬಿನ ಪದಾರ್ಥವನ್ನು ಮನುಷ್ಯನಿಗೆ ನುಂಗಿಸುವುದುಂಟೇ ಎಂದು ನಮ್ಮ ಹಿರಿಯರೊಬ್ಬರು ಕೇಳಿದರು. ನಾನು ವಿಜ್ಞಾನದ ಶಿಕ್ಷಕನಷ್ಟೆ. ಧೈರ್ಯ ಹೇಳುವ ಹೊಣೆ ನನ್ನ ಮೇಲೆ ಬಿತ್ತು.

ಥೈರಾಯ್ಡ್ ಗ್ರಂಥಿಗೆ ಒಂದು ವಿಶೇಷ ಗುಣವಿದೆ. ನಾವು ಉಂಡ ಅನ್ನದಲ್ಲಿರುವ ಅಯೋಡಿನ್ ಅಂಶವನ್ನು ಅದು ಆರಿಸಿ ತನ್ನೊಳಗೆ ಸೆಳೆದುಕೊಳ್ಳುತ್ತದೆ. ಈ ಗ್ರಂಥಿಯ ಬಹುತೇಕ ಕ್ಯಾನ್ಸರ್‌ಗಳ ಕಣಗಳೂ ದೇಹದಲ್ಲಿ ಎಲ್ಲಿ ಅವಿತಿದ್ದರೂ ಆ ಹುಟ್ಟುಗುಣವನ್ನು ಬಿಡವು. ಸಾಮಾನ್ಯ ಅಯೋಡಿನ್ನಿಗೂ ವಿಕಿರಣಶೀಲವಾದ ಅಯೋಡಿನ್-131ಕ್ಕೂ ಅವು ಭೇದವನ್ನರಿಯವು. ಹೀಗೆ ಒಳಹೊಕ್ಕ ಅಯೋಡಿನ್-131 ಎರಡು ಬಗೆಯ ಕಿರಣಗಳನ್ನು ಹೊರಸೂಸುತ್ತದೆ. ಬೀಟಾ ಕಣಗಳು ಒಂದೆರಡು ಮಿಲಿಮೀಟರಿನೊಳಗೇ ತಮ್ಮ ಶಕ್ತಿಯನ್ನು ಕಳೆದುಕೊಂಡು ಅಲ್ಲಿಯ ರೋಗಕಣಗಳನ್ನು ಕೊಲ್ಲುತ್ತವೆ. ಗಾಮಾ ಕಿರಣಗಳು ದೇಹದಿಂದ ಹೊರಬಂದು, ಔಷಧವು ಎಲ್ಲೆಲ್ಲಿ ನೆಲೆಸಿದೆಯೆಂಬುದನ್ನು ಯಂತ್ರಕ್ಕೆ ತೋರಿಸುತ್ತವೆ. ಒಂದೇ ಔಷಧದಿಂದ ಚಿಕಿತ್ಸೆಯೂ ಚಿತ್ರವೂ ದೊರೆಯುವುದೆಂದರೆ ಇದೇ.

ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ. 1941ರಲ್ಲಿ ಬೋಸ್ಟನ್ ನಗರದಲ್ಲಿ ಸಾಲ್ ಹರ್ಟ್ಜ್ ಎಂಬ ವೈದ್ಯರು ಅತಿಯಾಗಿ ಕೆಲಸ ಮಾಡುವ ಥೈರಾಯ್ಡ್ ಗ್ರಂಥಿಯ ರೋಗಕ್ಕೆ ವಿಕಿರಣಶೀಲ ಅಯೋಡಿನ್ ಕೊಟ್ಟರು. ಹಬ್ಬಿದ ಥೈರಾಯ್ಡ್ ಕ್ಯಾನ್ಸರಿನ ಮೇಲೆ ಅದರ ಪರಿಣಾಮವನ್ನು 1946ರಲ್ಲಿ ಸೈಡ್ಲಿನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ನಮ್ಮ ದೇಶದಲ್ಲಿ 1956ರಲ್ಲಿ ಟ್ರಾಂಬೆಯ ಅಪ್ಸರಾ ರಿಯಾಕ್ಟರ್ ಆರಂಭವಾಯಿತು; 1963ರಲ್ಲಿ ಮುಂಬಯಿಯಲ್ಲಿ ವಿಕಿರಣ ವೈದ್ಯಕೀಯ ಕೇಂದ್ರ ಸ್ಥಾಪಿತವಾಯಿತು. ಊರನ್ನು ಸುಡಬಲ್ಲ ಶಕ್ತಿಯನ್ನೇ ಹದವರಿತು ರೋಗಿಯ ಹಾಸಿಗೆಯ ಬಳಿಗೆ ತಂದವರ ಶ್ರಮ ಅದರ ಹಿಂದಿದೆ. ಇಷ್ಟನ್ನು ನಾನು ಮನೆಯವರಿಗೆ ವಿವರಿಸಿದೆ. ಅವರು ಒಪ್ಪಿದರು.

ಚಿಕಿತ್ಸೆಗೆ ಮುನ್ನ ಥೈರಾಕ್ಸಿನ್ ಮಾತ್ರೆಯನ್ನು ಕೆಲವು ವಾರ ನಿಲ್ಲಿಸಬೇಕಾಯಿತು. ಅಯೋಡಿನ್ ಬೆರೆತ ಉಪ್ಪು, ಹಾಲು, ಮೊಸರು ವರ್ಜ್ಯ. ಉಳಿದ ಕಣಗಳು ಅಯೋಡಿನ್ನಿಗಾಗಿ ಹಸಿದಿರಬೇಕೆಂಬುದು ಇದರ ಉದ್ದೇಶ. ಹಾಲು ಮೊಸರಿಲ್ಲದೆ ಊಟವೇ ಇಲ್ಲವೆನ್ನುತ್ತಿದ್ದ ಆಕೆ ಎರಡು ವಾರ ಬರಿಯ ಜೋಳದ ರೊಟ್ಟಿ ಬೇಳೆಯಲ್ಲಿ ಕಳೆದಳು. ಮುಖ ಬಾತಿತು, ಚಳಿ ತಡೆಯದಾಯಿತು, ನಾಲ್ಕು ಹೆಜ್ಜೆ ನಡೆದರೆ ದಣಿವು. ಗೊಣಗಲಿಲ್ಲ.

2013ರ ಫೆಬ್ರವರಿಯಲ್ಲಿ ರಾತ್ರಿಯ ಬಸ್ಸಿಗೆ ಹೊರಟೆವು. ಮಸ್ಕಿಯಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್. ನಮ್ಮ ಸಿಂಧನೂರಿಗೋ ಲಿಂಗಸುಗೂರಿಗೋ ಈ ಔಷಧವನ್ನು ತರಿಸಬಾರದೇಕೆ ಎಂದು ದಾರಿಯಲ್ಲಿ ತಂಗಿ ಕೇಳಿದಳು. ಅದಕ್ಕೆ ಉತ್ತರ ದೊರೆತದ್ದು ಆಸ್ಪತ್ರೆಯ ಪಡಸಾಲೆಯಲ್ಲಿ.

ಅಲ್ಲಿ ಬಗೆಬಗೆಯ ರೋಗಿಗಳು ಕುಳಿತಿದ್ದರು. ಎಲುಬಿಗೆ ರೋಗ ಹಬ್ಬಿದೆಯೇ ಎಂದು ನೋಡಿಸಿಕೊಳ್ಳಲು ಬಂದವರು ಕೆಲವರು. ಹೃದಯದ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ, ಮೂತ್ರಪಿಂಡಗಳು ಎಷ್ಟೆಷ್ಟು ಕೆಲಸ ಮಾಡುತ್ತಿವೆ ಎಂದು ತಿಳಿಯಬಂದವರು ಮತ್ತೆ ಕೆಲವರು. ಕ್ಷ-ಕಿರಣದ ಚಿತ್ರವು ಅಂಗದ ಆಕಾರವನ್ನು ತೋರಿಸುವುದು. ಅಣುವೈದ್ಯದ ಚಿತ್ರವು ಅಂಗದ ಕೆಲಸವನ್ನು ತೋರಿಸುವುದು. ಆಕಾರ ಕೆಡುವುದಕ್ಕೆ ಮೊದಲೇ ಕೆಲಸ ಕೆಡುವುದರಿಂದ ಎಷ್ಟೋ ರೋಗಗಳು ಇಲ್ಲಿ ಮುಂಚಿತವಾಗಿ ಕಾಣಿಸಿಕೊಳ್ಳುತ್ತವೆ. ಇಂತಹ ಪರೀಕ್ಷೆಗಳಿಗೆ ಹೆಚ್ಚಾಗಿ ಬಳಸುವುದು ಟೆಕ್ನೀಶಿಯಂ-99ಎಂ. ಅದು ಆರು ಗಂಟೆಗೆ ಅರ್ಧವಾಗುವುದು. ಅದನ್ನು ಹೆರುವ ಮಾಲಿಬ್ಡಿನಂ-99 ಅರ್ಧವಾಗಲು 66 ಗಂಟೆ ಬೇಕು. ಮಾಲಿಬ್ಡಿನಂ ಇರುವ ಪೆಟ್ಟಿಗೆಯನ್ನು ತರಿಸಿಟ್ಟುಕೊಂಡು ದಿನದಿನವೂ ಟೆಕ್ನೀಶಿಯಂ ಅನ್ನು ಇಳಿಸಿಕೊಳ್ಳುವರು. ಆ ಪೆಟ್ಟಿಗೆಗೆ ಅವರ ವಾಡಿಕೆಯ ಹೆಸರು ಹಸು. ಇಳಿಸಿಕೊಳ್ಳುವುದಕ್ಕೆ ಹಾಲು ಕರೆಯುವುದೆಂದೇ ಹೆಸರು! ತಂಗಿ ಇದನ್ನು ಕೇಳಿ ಅಂದು ಮೊದಲ ಬಾರಿ ನಕ್ಕಳು.

ಪೆಟ್ ಸ್ಕ್ಯಾನ್ ಎಂಬ ಪರೀಕ್ಷೆಗೆ ಬಳಸುವ ಫ್ಲೋರಿನ್-18 ಇನ್ನೂ ಅಲ್ಪಾಯುಷಿ. 110 ನಿಮಿಷಕ್ಕೆ ಅರ್ಧ. ಅದನ್ನು ಗ್ಲೂಕೋಸಿನಂತಹ ಪದಾರ್ಥಕ್ಕೆ ಜೋಡಿಸಿ ರಕ್ತಕ್ಕೆ ಬಿಡುವರು. ಅನೇಕ ಬಗೆಯ ಕ್ಯಾನ್ಸರ್ ಕಣಗಳು ಸಕ್ಕರೆಯನ್ನು ಹೆಚ್ಚಾಗಿ ಕಬಳಿಸುವುದರಿಂದ ಅವುಗಳ ನೆಲೆ ಬೆಳಗಿ ಕಾಣುವುದು. ಬೆಂಗಳೂರಿನಿಂದ ಅದನ್ನು ವಾಹನದಲ್ಲಿ ನಮ್ಮೂರಿಗೆ ಕಳುಹಿಸಿದರೆಂದು ಭಾವಿಸೋಣ. 440 ನಿಮಿಷಗಳ ಪ್ರಯಾಣದಲ್ಲಿ ಅದು ನಾಲ್ಕು ಸಲ ಅರ್ಧವಾಗಿ, ಹದಿನಾರರಲ್ಲಿ ಒಂದು ಪಾಲು ಮಾತ್ರ ಉಳಿಯುವುದು. ಅಯೋಡಿನ್-131ಕ್ಕೆ ಎಂಟು ದಿನಗಳ ಅವಧಿಯಿರುವುದರಿಂದ ದಾರಿ ಅದಕ್ಕೆ ಅಡ್ಡಿಯಲ್ಲ. ಆದರೆ ಅದನ್ನು ಕೊಡುವ ಕೋಣೆಯೇ ಬೇರೆ. ಗೋಡೆ ದಪ್ಪ, ಅಲ್ಲಿಯ ಶೌಚದ ನೀರನ್ನು ನೇರವಾಗಿ ಚರಂಡಿಗೆ ಬಿಡದೆ ತೊಟ್ಟಿಗಳಲ್ಲಿ ಕೂಡಿಟ್ಟು, ವಿಕಿರಣ ಕ್ಷೀಣಿಸಿದ ಬಳಿಕವೇ ಹೊರಬಿಡುವರು. ಆದುದರಿಂದ ನಮ್ಮಂಥ ದೂರದೂರಿನವರು ಔಷಧವಿದ್ದಲ್ಲಿಗೇ ಹೋಗಬೇಕಾಗಿದೆ.

ಆ ಕೋಣೆಯಲ್ಲಿ ತಂಗಿ ಮೂರು ರಾತ್ರಿ ಒಬ್ಬಳೇ ಇದ್ದಳು. ಒಂದು ಸಣ್ಣ ಗುಳಿಗೆ ನುಂಗಿದ್ದಷ್ಟೇ ಚಿಕಿತ್ಸೆ. ಯಾರೂ ಒಳಗೆ ಹೋಗುವಂತಿಲ್ಲ. ಹುಟ್ಟಿದಂದಿನಿಂದ ತುಂಬಿದ ಮನೆಯಲ್ಲಿ ಬಾಳಿದವಳು. ದೂರವಾಣಿಯಲ್ಲಿ ಗಂಟೆಗೊಮ್ಮೆ ಮಾತನಾಡಿಸುತ್ತಿದ್ದೆ. ನಾಲ್ಕನೆಯ ದಿನ ಮೀಟರ್ ಹಿಡಿದು ಅಳೆದು, ಮನೆಗೆ ಕಳುಹಿಸಬಹುದಾದ ಮಿತಿಗೆ ಇಳಿದಿದೆಯೆಂದು ಖಚಿತಪಡಿಸಿಕೊಂಡು ಹೊರಗೆ ಬಿಟ್ಟರು. ಮುಂದೆ ತೆಗೆದ ಚಿತ್ರದಲ್ಲಿ ಕೊರಳಿನ ಭಾಗದಲ್ಲಿ ಮಾತ್ರ ಅಯೋಡಿನ್ ನಿಂತಿತ್ತು. ಶ್ವಾಸಕೋಶವಾಗಲಿ ಎಲುಬಾಗಲಿ ರೋಗಕ್ಕೆ ತುತ್ತಾಗಿರಲಿಲ್ಲ. ನಮಗೆ ಹೋದ ಜೀವ ಬಂದಂತಾಯಿತು.

ಹೊರಡುವಾಗ ಒಂದು ಚೀಟಿ ಕೊಟ್ಟರು. ಬಟ್ಟೆ, ಪಾತ್ರೆಗಳನ್ನು ಇಂತಿಷ್ಟು ದಿನ ಬೇರೆಯಾಗಿ ತೊಳೆಯಬೇಕು; ನೀರು ಹೆಚ್ಚು ಕುಡಿಯಬೇಕು; ಬೇರೆ ಹಾಸಿಗೆಯಲ್ಲಿ ಮಲಗಬೇಕು; ಗರ್ಭಿಣಿಯರಿಂದ ಮತ್ತು ಎಳೆಯ ಮಕ್ಕಳಿಂದ ಮೂರು ವಾರ ದೂರವಿರಬೇಕು. ಪ್ರತಿಯೊಂದರ ಮುಂದೂ ಮುಗಿಯುವ ದಿನಾಂಕವನ್ನು ಬರೆದಿದ್ದರು. ಸಿಂಧನೂರಿನ ಮನೆಯಲ್ಲಿ ಆಕೆಯ ಸೊಸೆ ನಾಲ್ಕು ತಿಂಗಳ ಗರ್ಭಿಣಿ. ಆದುದರಿಂದ ತಂಗಿಯನ್ನು ಮಸ್ಕಿಗೆ, ನಮ್ಮ ಮನೆಗೆ ಕರೆತಂದೆ. ಒಂದು ಸ್ಟೀಲ್ ತಟ್ಟೆ, ಒಂದು ಲೋಟ, ಒಂದು ತಂಬಿಗೆಯನ್ನು ಆಕೆಗೆಂದು ಬೇರೆ ಗೂಡಿನಲ್ಲಿರಿಸಿದೆವು. ಚೀಟಿಯಲ್ಲಿದ್ದುದನ್ನು ಅಕ್ಷರಶಃ ನಡೆಸಿದೆವು.

ತಪ್ಪಾದದ್ದು ಆ ಬಳಿಕ. ಚೀಟಿಯ ದಿನಗಳೆಲ್ಲ ಮಾರ್ಚ್ ಮಧ್ಯದೊಳಗೆ ಮುಗಿದವು. ತಟ್ಟೆ ಮಾತ್ರ ಬೇರೆಯ ಗೂಡಿನಲ್ಲಿಯೇ ಉಳಿಯಿತು. ಯಾರೂ ಉಳಿಸೆಂದು ಹೇಳಲಿಲ್ಲ, ಯಾರೂ ತೆಗೆಯೆಂದು ಹೇಳಲಿಲ್ಲ. ನೆರೆಯ ಹೆಂಗಸರು ಬಾಗಿಲಲ್ಲಿಯೇ ನಿಂತು ಮಾತನಾಡಿಸಿ ಹೋಗುತ್ತಿದ್ದರು. ನಾನು ನೋಡಿಯೂ ನೋಡದಂತಿದ್ದೆ.

ಮೇ ತಿಂಗಳಲ್ಲಿ ಸೊಸೆಯ ಕುಬಸದ ಕಾರ್ಯ ಲಿಂಗಸುಗೂರಿನ ಆಕೆಯ ತವರಿನಲ್ಲಿ ಗೊತ್ತಾಯಿತು. ಬೀಗರು ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದ ಸಜ್ಜನರು. ಅವರು ನನಗೆ ಫೋನು ಮಾಡಿ, “ಮಾಸ್ತರ್ರೀ, ನೀವು ಓದಿದವ್ರು. ಬೀಗಿತಿಯವ್ರು ಬಂದು ಆರತಿ ಮಾಡಿದ್ರ ಹುಡುಗಿಗೆ ಏನೂ ಆಗಂಗಿಲ್ಲಲ್ರೀ?” ಎಂದು ಕೇಳಿದರು. ತಿಳಿಯಬೇಕೆಂದೇ ಕೇಳಿದ ಪ್ರಶ್ನೆ. ನಾನು ಲೆಕ್ಕ ಹಾಕಬಹುದಿತ್ತು. ಹಾಕಲಿಲ್ಲ. “ಅನುಮಾನ ಯಾಕ ಬೇಕ್ರೀ, ದೂರ ಇದ್ರನ ಚಲೋ” ಎಂದುಬಿಟ್ಟೆ. ಆ ಒಂದು ಮಾತಿನಿಂದ, ತನ್ನ ಮೊದಲ ಮೊಮ್ಮಗುವಿನ ಕುಬಸದಂದು ತಂಗಿ ನಮ್ಮ ಮನೆಯಲ್ಲಿಯೇ ಕುಳಿತಳು.

ಅಂದು ಸಂಜೆ ನಾನು ಲಿಂಗಸುಗೂರಿನಿಂದ ಹಿಂದಿರುಗಿದಾಗ ಆಕೆ ತನ್ನ ತಟ್ಟೆಯನ್ನು ತಾನೇ ತೊಳೆದು ಬೇರೆಯ ಗೂಡಿನಲ್ಲಿ ಇಡುತ್ತಿದ್ದಳು. ನನ್ನ ಕಡೆ ತಿರುಗದೆಯೇ ಕೇಳಿದಳು: “ಅಣ್ಣಾ, ಚೀಟಿಯಾಗ ಬರದಿದ್ದ ದಿನ ಎಂದೋ ಮುಗದು ಹೋದ್ವು. ನೀನು ಬರದ ದಿನ ಯಾವಾಗ ಮುಗಿತಾವ?”

ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಕಾಗದದ ಮೇಲೆ ಲೆಕ್ಕ ಮಾಡಿದೆ. ಎಂಟು ದಿನಕ್ಕೆ ಅರ್ಧ, ಹದಿನಾರಕ್ಕೆ ಕಾಲು, ಇಪ್ಪತ್ತನಾಲ್ಕಕ್ಕೆ ಅರೆಕಾಲು. 80 ದಿನಗಳಿಗೆ ಹತ್ತು ಸಲ ಅರ್ಧವಾಗಿ 1,024ರಲ್ಲಿ ಒಂದು ಪಾಲು. ಇದು ಪದಾರ್ಥದ ಸಹಜ ಕ್ಷಯದ ಲೆಕ್ಕ ಮಾತ್ರ. ಗ್ರಂಥಿ ಸೆಳೆಯದೆ ಉಳಿದ ಅಯೋಡಿನ್ನಿನ ಬಹುಪಾಲು ಮೊದಲ ಕೆಲವು ದಿನಗಳಲ್ಲಿಯೇ ಮೂತ್ರದ ಮೂಲಕ ಹೊರಹೋಗಿರುತ್ತದೆ. ಕುಬಸದ ದಿನಕ್ಕೆ 80 ದಿನಗಳು ದಾಟಿದ್ದವು. ಮೂವತ್ತೆರಡು ವರ್ಷ ಹಲಗೆಯ ಮೇಲೆ ಬರೆದ ಪಾಠವನ್ನು ನನ್ನ ತಂಗಿಯ ಪಾಲಿಗೆ ಬಂದಾಗ ನಾನೇ ಮರೆತಿದ್ದೆ. ಜನನ, ಮರಣ, ರಜಸ್ಸು, ಜಾತಿ, ಎಂಜಲು ಎಂಬ ಐದು ಸೂತಕಗಳು ನಮಗಿಲ್ಲವೆಂದು ಪ್ರಸಾದನಿಲಯದಲ್ಲಿ ಕಲಿತು, ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವನು, ವಿಜ್ಞಾನದ ಹೆಸರಿನಲ್ಲಿ ಆರನೆಯದೊಂದನ್ನು ಮನೆಯೊಳಗೆ ತಂದಿಟ್ಟುಕೊಂಡಿದ್ದೆ.

ಬೆಳಗಾದ ಮೇಲೆ ಆಕೆಯ ಲೋಟದಲ್ಲಿಯೇ ನೀರು ಕುಡಿದು, ತಟ್ಟೆ ತಂಬಿಗೆಗಳನ್ನು ಉಳಿದ ಪಾತ್ರೆಗಳೊಂದಿಗೆ ಸೇರಿಸಿದೆ. ಅನಂತರ ಲಿಂಗಸುಗೂರಿಗೆ ಹೋಗಿ ಬೀಗರೆದುರು ನನ್ನ ಮಾತು ತಪ್ಪೆಂದು ಒಪ್ಪಿಕೊಂಡೆ. ಹಟ್ಟಿಯ ಪ್ರಾಚೀನ ಗಣಿಗಳಲ್ಲಿ ಸಿಕ್ಕ ಕಟ್ಟಿಗೆಗೆ ಸುಮಾರು ಎರಡು ಸಾವಿರ ವರ್ಷ ವಯಸ್ಸೆಂದು ಹೇಳಿದ್ದು ಇಂಗಾಲ-14ರ ಕ್ಷಯವನ್ನು ಅಳೆದು. ಅದಕ್ಕೆ ಅರ್ಧವಾಗಲು 5,730 ವರ್ಷ ಬೇಕು. ಅಯೋಡಿನ್-131ಕ್ಕೆ ಎಂಟೇ ದಿನ ಸಾಕು. ಪ್ರತಿಯೊಂದಕ್ಕೂ ಅದರದೇ ಆದ ಗಡುವುಂಟು; ನಮ್ಮ ಅಂಜಿಕೆ ಆ ಗಡುವನ್ನು ಮೀರಬಾರದು ಎಂದೆ. ಗಣಿಯಲ್ಲಿ ದುಡಿದ ಆ ಹಿರಿಯರಿಗೆ ಮಾತು ಹಿಡಿಸಿತು. ಮರುವಾರ ಮಗಳನ್ನು ತಾವೇ ಮಸ್ಕಿಗೆ ಕರೆತಂದರು. ಸೊಸೆ ಅತ್ತೆಯ ಪಕ್ಕದಲ್ಲಿಯೇ ಕುಳಿತು ಉಂಡಳು. ಎಲ್ಲರೂ ಹೀಗೆ ಬದಲಾದರೆಂದು ಹೇಳಲಾರೆ. ಇಂದಿಗೂ ಆಕೆಯ ಕೈಯ ಚಹಾ ಬೇಡವೆನ್ನುವವರಿದ್ದಾರೆ. ಕುಬಸದ ಆ ದಿನವಂತೂ ಮತ್ತೆ ಬರುವಂಥದ್ದಲ್ಲ.

ತಂಗಿ ಇಂದು ಆರೋಗ್ಯದಿಂದಿದ್ದಾಳೆ. ದಿನವೂ ಬೆಳಗ್ಗೆ ಬರಿಹೊಟ್ಟೆಯಲ್ಲಿ ಥೈರಾಕ್ಸಿನ್ ಮಾತ್ರೆ, ವೈದ್ಯರು ಹೇಳಿದ ಕಾಲಕ್ಕೆ ರಕ್ತಪರೀಕ್ಷೆ. ಅಂದು ಹೊಟ್ಟೆಯಲ್ಲಿದ್ದ ಮೊಮ್ಮಗಳು ಈಗ ಸಿಂಧನೂರಿನಲ್ಲಿ ಶಾಲೆಗೆ ಹೋಗುತ್ತಿದ್ದಾಳೆ.

ಈ ಚಿಕಿತ್ಸೆ ನಮ್ಮ ವಾಚಕರ ಮನೆಗಳಿಗೂ ಬರಬಹುದು. ಕೊರಳಿನ ಗಂಟನ್ನು ನೋವಿಲ್ಲವೆಂದು ಅಲಕ್ಷಿಸಬೇಡಿರಿ. ಗರ್ಭಿಣಿಯಾಗಿದ್ದರೆ, ಆಗಿರುವ ಸಂಶಯವಿದ್ದರೆ, ಮಗುವಿಗೆ ಮೊಲೆಯುಣಿಸುತ್ತಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿರಿ. ಗೊತ್ತಾದ ದಿನವನ್ನು ತಪ್ಪಿಸಬೇಡಿರಿ. ಈ ಔಷಧವನ್ನು ನಾಳೆಗೆಂದು ಕೂಡಿಡಲು ಬರುವುದಿಲ್ಲ. ಮನೆಗೆ ಹೊರಡುವಾಗ ಪ್ರತಿಯೊಂದು ಪಥ್ಯಕ್ಕೂ ಮುಗಿಯುವ ದಿನಾಂಕವನ್ನು ಬರೆಸಿಕೊಳ್ಳಿರಿ. ಆ ದಿನದವರೆಗೆ ಕಟ್ಟುನಿಟ್ಟಾಗಿ ನಡೆಯಿರಿ. ಆ ದಿನ ಬಂದೊಡನೆ ಬೇರೆ ಇಟ್ಟ ತಟ್ಟೆಯನ್ನು ನೀವೇ ಎದ್ದು ಹೋಗಿ ತಂದು ಒಳಗಿಡಿರಿ. ಅದನ್ನು ರೋಗಿಯ ಬಾಯಿಂದ ಹೇಳಿಸಬೇಡಿರಿ.