ಅಮ್ಮನ ಮೊಬೈಲು

ತೊಂಡೇಬಾವಿಯ ನಮ್ಮ ಮನೆಗೆ ಅಕ್ಷರವೆಂಬುದು ಕಾಲಿಟ್ಟದ್ದು ನನ್ನ ಮೂಲಕ. ಅಪ್ಪನದು ಹೆಬ್ಬೆಟ್ಟು. ಅಮ್ಮ ಸಂಘದ ಪುಸ್ತಕಕ್ಕೆ ಸಹಿ ಹಾಕುವಷ್ಟು ಕಲಿತಿದ್ದಾಳೆ. ಅದನ್ನೂ ಪ್ರತಿಸಲ ಹೊಸದಾಗಿ ಚಿತ್ರ ಬರೆದಂತೆ ಬರೆಯುತ್ತಾಳೆ. ಹೀಗಾಗಿ ಮೂರನೆಯ ತರಗತಿಯಲ್ಲಿದ್ದಾಗಲೇ ನಾನು ಮನೆಗಷ್ಟೇ ಅಲ್ಲ, ಬೀದಿಗೇ ಓದುಗಾರ್ತಿಯಾಗಿಬಿಟ್ಟೆ. ಕರೆಂಟು ಬಿಲ್ಲು, ಸೊಸೈಟಿಯ ನೋಟೀಸು, ಗೊಬ್ಬರದ ಚೀಲ, ಲಗ್ನಪತ್ರಿಕೆ ಎಲ್ಲವೂ ನನ್ನ ಮುಂದೆ ಹಾಜರಾಗುತ್ತಿದ್ದವು. ಸಂಬಳ ಒಂದು ಹಿಡಿ ಕಡಲೆಕಾಯಿ. ಅಧಿಕಾರದ ರುಚಿ ಎಂಥದೆಂಬುದು ನನಗೆ ಆಗಲೇ ಹತ್ತಿತ್ತು.

ಈ ದರ್ಬಾರಿಗೆ ಸಂಚಕಾರ ತಂದದ್ದು ಮೊಬೈಲು. 2020ರಲ್ಲಿ ಕೊರೋನಾದ ದೆಸೆಯಿಂದ ಶಾಲೆಗಳು ಮುಚ್ಚಿದಾಗ, ನನ್ನ ಪಾಠಕ್ಕೆಂದು ಅಪ್ಪ ಡೇರಿಯ ಬಟವಾಡೆ ಹಣ ಕೂಡಿಸಿ ಅದನ್ನು ಕೊಂಡುತಂದರು. 2016ರಲ್ಲಿ ಜಿಯೋ ಬಂದಮೇಲೆ ಡೇಟಾ ಅಗ್ಗವಾಗಿತ್ತು. ಇಲ್ಲದಿದ್ದರೆ ನಮ್ಮಂಥವರಿಗೆ ಎಟುಕುವ ಮಾತಲ್ಲ. ಶಾಲೆ ತೆರೆಯಿತು, ಮೊಬೈಲು ಅಮ್ಮನ ಪಾಲಾಯಿತು.

ಯೂಟ್ಯೂಬು ಅಕ್ಷರ ಕೇಳುವುದಿಲ್ಲ. ಮೈಕಿನ ಚಿತ್ರವನ್ನೊತ್ತಿ ಮಾತಾಡಿದರಾಯಿತು. ಹಿಂದೂಪುರಕ್ಕೆ ಹೋಗುವ ರೈಲುಹಾದಿಯ ಊರು ನಮ್ಮದು; ಅಮ್ಮನ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಮೊಬೈಲು ಅದಕ್ಕೂ ಸೈ. ಹಸು ಮೇವು ಬಿಟ್ಟರೆ ಏನು ಮಾಡಬೇಕೆಂಬುದನ್ನೂ, ಕೈವಾರದ ತಾತಯ್ಯನವರ ತತ್ವಪದಗಳನ್ನೂ ತಂದು ಮುಂದಿಡುತ್ತದೆ. "ನೀನು ಓದ್ಕೋ ಹೋಗಮ್ಮ, ಇದೇ ಹೇಳುತ್ತೆ" ಎಂದು ಅಮ್ಮ ಅಂದ ದಿನ ನನಗೆ ಸ್ವಲ್ಪ ಪಿಚ್ಚೆನಿಸಿತು. (ಪರೀಕ್ಷೆಯ ಹಿಂದಿನ ರಾತ್ರಿ ನಮ್ಮಲ್ಲಿ ಎಷ್ಟು ಮಂದಿ ಪುಸ್ತಕ ಮಡಿಸಿಟ್ಟು ವೀಡಿಯೋ ನೋಡುತ್ತೇವೆಂಬುದನ್ನು ಇಲ್ಲಿ ಬರೆಯುವುದು ಬೇಡ; ಈ ಸಂಚಿಕೆಯನ್ನು ಅಧ್ಯಾಪಕರೂ ಓದುತ್ತಾರೆ.)

ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಆರಂಭಿಸಿದಂದಿನಿಂದ ಬಹುಕಾಲ, ಪಟ್ಟಣ ನುಡಿಯುವುದು, ಹಳ್ಳಿ ಕೇಳುವುದು ಎಂಬುದೇ ರೂಢಿ. ಈಗ ನಮ್ಮ ಕಡೆ ಕುರುಕ್ಷೇತ್ರ ನಾಟಕ ಆಡಿದರೆ ಸೀನು, ಹಾರ್ಮೋನಿಯಂಗಳ ಜೊತೆಗೆ ಲೈವ್ ಬಿಡುವವನಿಗೂ ಹಣ ಎತ್ತಿಡಬೇಕು. ಅಪ್ಪ ದುರ್ಯೋಧನನ ಪಾತ್ರವನ್ನು ಮೇಷ್ಟರ ಬಾಯಿಂದ ಕೇಳಿ ಕೇಳಿಯೇ ಕಲಿತವರು. ಬೆಂಗಳೂರಿನ ಕಾರ್ಖಾನೆಯಲ್ಲಿ ರಾತ್ರಿಪಾಳಿಯಲ್ಲಿದ್ದ ಚಿಕ್ಕಪ್ಪ ಅಲ್ಲಿಂದಲೇ ನಾಟಕ ನೋಡಿ, ಕಂದಪದ್ಯದಲ್ಲಿ ಶ್ರುತಿ ತಪ್ಪಿತೆಂದು ಬೆಳಗಾಗುವಷ್ಟರಲ್ಲಿ ಫೋನು ಮಾಡಿದರು. ಅಪ್ಪನಿಗೆ ಕೋಪ ಬಂತು. ಆದರೆ ಅಷ್ಟು ದೂರದಲ್ಲಿದ್ದವರು ನೋಡಿದರಲ್ಲಾ ಎಂಬ ಹಿಗ್ಗು ಅದಕ್ಕಿಂತ ದೊಡ್ಡದು.

ಕಣ್ಣಿಗೆ ಕಂಡದ್ದೆಲ್ಲ ನಿಜವೇ? 2018ರಲ್ಲಿ ಒಂದು ವೀಡಿಯೋ ದೇಶದಲ್ಲೆಲ್ಲ ಓಡಾಡಿತು. ಮಕ್ಕಳ ಬಗ್ಗೆ ಎಚ್ಚರವಿರಲೆಂದು ಕರಾಚಿಯಲ್ಲಿ ತೆಗೆದ ಚಿತ್ರ ಅದು. ಬೈಕಿನವನು ಮಗುವನ್ನು ಎತ್ತಿಕೊಂಡು ಹೋಗುತ್ತಾನೆ, ತಿರುಗಿ ತಂದುಬಿಟ್ಟು ಎಚ್ಚರಿಕೆಯ ಬರಹವೊಂದನ್ನು ಹಿಡಿದು ತೋರಿಸುತ್ತಾನೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹರಿಯಬಿಟ್ಟರು. ಆ ವರ್ಷ ಮಕ್ಕಳ ಕಳ್ಳರೆಂಬ ವದಂತಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲೊಬ್ಬ, ಬೀದರ್ ಜಿಲ್ಲೆಯ ಮುರ್ಕಿಯಲ್ಲೊಬ್ಬ, ಏನೂ ಅರಿಯದವರು ಜನರ ಕೈಯಲ್ಲಿ ಸತ್ತರು. ಕತ್ತರಿಗೆ ಸಿಕ್ಕಿದ್ದು ಅಕ್ಷರವಿದ್ದ ಭಾಗವೇ.

ನಮ್ಮ ಮನೆಗೂ ಅಂಥದೊಂದು ಬಂತು. ಅಮ್ಮನಿಗೆ ಸಕ್ಕರೆ ಕಾಯಿಲೆ. ಹೋದ ಶ್ರಾವಣದಲ್ಲಿ ಮಾತ್ರೆಗಳು ಹಾಗೇ ಉಳಿದಿರುವುದನ್ನು ಕಂಡು ಕೇಳಿದೆ. "ಬಿಟ್ಟು ಹನ್ನೆರಡು ದಿನ ಆಯ್ತಮ್ಮ. ಕಷಾಯ ಕುಡೀತಿದೀನಿ. ಬಿಳಿ ಕೋಟಿನ ಡಾಕ್ಟರು ಎಷ್ಟು ಚೆನ್ನಾಗಿ ಹೇಳ್ತಾರೆ ಗೊತ್ತಾ?" ಎಂದಳು. ಆಸ್ಪತ್ರೆಯ ಚೀಟಿಯನ್ನು ಓದಿ ಹೇಳಹೊರಟೆ. "ನಿನ್ನ ಚೀಟಿಗೆ ಬಾಯಿಲ್ಲ. ಅವರು ನನ್ನ ಮುಖ ನೋಡಿ ಹೇಳ್ತಾರೆ" ಎಂದುಬಿಟ್ಟಳು.

ಆ ವೀಡಿಯೋವನ್ನು ಹಾಕಿಸಿ ನೋಡಿದೆ. ತಳದಲ್ಲಿ ಇರುವೆಸಾಲಿನಂಥ ಬರಹವೊಂದು ಬಂದು ಮಾಯವಾಯಿತು. ಹಿಂದಕ್ಕೆ ತಂದು, ನಿಲ್ಲಿಸಿ ಓದಿದೆ: ಇದು ತಿಳಿವಳಿಕೆಗೆ ಮಾತ್ರ, ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬೇಡಿ. ಬಾಯಿ ಒಂದು ಹೇಳಿತ್ತು, ಅಕ್ಷರ ಇನ್ನೊಂದು. ಬಾಯಿಮಾತು ಓದು ಬಾರದವರಿಗೆ; ಅಕ್ಷರ ನಾಳೆ ಕೋರ್ಟಿಗೆ ಬೇಕಾದರೆ.

ಮಾರನೆಯ ದಿನ ಅಮ್ಮನನ್ನು ಗೌರಿಬಿದನೂರಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದೆ. ಸಕ್ಕರೆ 300 ದಾಟಿತ್ತು. ಮಾತ್ರೆ ಮತ್ತೆ ಆರಂಭವಾಯಿತು. ವೀಡಿಯೋ ನೋಡುವುದನ್ನು ಅಮ್ಮ ಬಿಟ್ಟಿಲ್ಲ. ಬಿಡೆನ್ನಲು ನನಗೂ ಮನಸ್ಸಿಲ್ಲ. ಹೊಲ, ಕೊಟ್ಟಿಗೆ ಬಿಟ್ಟು ಬೇರೆ ಕಾಣದವಳು ಈಗ ಕಾಶಿಯನ್ನೂ ಕಡಲನ್ನೂ ಕಂಡಿದ್ದಾಳೆ. ಆದರೆ ತೆರೆಯ ಮೇಲೆ ಸಣ್ಣಕ್ಷರ ಸುಳಿದರೆ ಸಾಕು, ನಿಲ್ಲಿಸಿ ನನ್ನನ್ನು ಕೂಗುತ್ತಾಳೆ. ಕಡೆಯ ಸೆಮಿಸ್ಟರಿಗೆ ಓದಲು ಕುಳಿತವಳಿಗೆ ಇದೇನು ಸಣ್ಣ ಕಾಟವಲ್ಲ. ನಿನ್ನೆ ರಾತ್ರಿಯೂ ಎದ್ದುಹೋಗಿ ಓದಿದೆ. "ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ" ಎಂದಿತ್ತು.

"ಒತ್ತಲಾ?" ಎಂದಳು ಅಮ್ಮ.